ಓದದೆ ಸಹಿ ಹಾಕದ ತಿಮ್ಮರಾಯಪ್ಪ

ಅನುಪಮಾ ತಿಮ್ಮರಾಯಪ್ಪನವರನ್ನು ಮೊದಲು ಕಂಡದ್ದು ಕಾರ್ತೀಕ ಮಾಸದ ಒಂದು ಮಂಗಳವಾರ, ಬೆಳಗಿನ ಹನ್ನೊಂದು ಗಂಟೆಗೆ. ಹೊಸದುರ್ಗದ ಬಸ್ ನಿಲ್ದಾಣದ ಹಿಂದೆ, ಕೊಬ್ಬರಿ ಮಂಡಿಗಳ ಕಡೆ ತಿರುಗುವ ಓಣಿಯಲ್ಲಿ, ಎರಡು ಮಳಿಗೆಗಳ ನಡುವೆ ಸಿಕ್ಕಿಕೊಂಡಂತಿದ್ದ ಸೈಕಲ್ ಶಾಪು ಅದು. ಬಾಗಿಲ ಮೇಲೆ ಹಳೆಯ ಟೈರುಗಳು ತೂಗುತ್ತಿದ್ದವು. ಒಂದು ಸೈಕಲ್ಲು ಗಾಲಿ ಮೇಲಾಗಿ ನಿಂತಿತ್ತು. ಅದರ ಪಕ್ಕ ಕುಕ್ಕರಗಾಲಲ್ಲಿ ಕೂತ ಅರವತ್ತು ದಾಟಿದ ಮನುಷ್ಯರೊಬ್ಬರು ಬಾಣಲೆಯ ನೀರಿನಲ್ಲಿ ಟ್ಯೂಬನ್ನು ಸ್ವಲ್ಪ ಸ್ವಲ್ಪವೇ ಮುಳುಗಿಸುತ್ತ, ಗುಳ್ಳೆ ಏಳುವುದನ್ನು ಕಾಯುತ್ತಿದ್ದರು. ಖಾಕಿ ಚಡ್ಡಿ, ಮೇಲೊಂದು ತೋಳಿನ ಬನಿಯನ್ನು, ಹೆಗಲಿಗೆ ಒಗೆದು ಮಡಿಸಿದ ಬಿಳಿ ಟವೆಲು. ಕೈಯೆಲ್ಲ ಗ್ರೀಸಾಗಿದ್ದರೂ ಟವೆಲಿನಲ್ಲಿ ಒಂದು ಕಲೆಯೂ ಇರಲಿಲ್ಲ. ಅನುಪಮಾಳಿಗೆ ಮೊದಲು ಕಣ್ಣಿಗೆ ಬಿದ್ದದ್ದು ಅದೇ.

"ಯಜಮಾನ್ರೆ, ಐದು ನಿಮಿಷ ಪುರುಸೊತ್ತು ಐತಾ?"

"ಗಾಳಿ ಹೋಗೋ ಜಾಗ ಸಿಗೋಗಂಟ ಐತೆ. ಕುಂತ್ಕಳವ್ವ."

ಅನುಪಮಾ ಹೊಳಲ್ಕೆರೆ ಕಡೆಯ ಹಳ್ಳಿಯವಳು. ಅವರ ಮನೆಯಲ್ಲಿ ಡಿಗ್ರಿ ಮುಗಿಸಿದವಳು ಅವಳೊಬ್ಬಳೇ. ಚಿತ್ರದುರ್ಗದಲ್ಲಿ ಎಂ.ಎ. ಓದುತ್ತಿದ್ದಳು. ಕೊನೆಯ ವರ್ಷದ ಯೋಜನೆಗೆ ಅವಳು ಆರಿಸಿಕೊಂಡ ವಿಷಯ, ಆಗ ಮನೆಮನೆಯಲ್ಲೂ ಓಡುತ್ತಿದ್ದ 'ಹತ್ತು ಕಣ್ಣು' ಎಂಬ ಧಾರಾವಾಹಿಯ ಬಗ್ಗೆ ಪ್ರೇಕ್ಷಕರ ಅಭಿಪ್ರಾಯ. ಅದರಲ್ಲಿ ಒಬ್ಬಳು ಮಹಿಳಾ ಸಬ್ ಇನ್ಸ್‌ಪೆಕ್ಟರ್ ಇದ್ದಾಳೆ. ಕಳ್ಳತನವೋ ಕೊಲೆಯೋ ಆದ ಕೂಡಲೇ ಇದ್ದ ಸುಳಿವನ್ನೆಲ್ಲ ಮೊಬೈಲಿನಲ್ಲಿ ಊರಿನ ಜನರ ಮುಂದಿಡುತ್ತಾಳೆ. ಹಾಲಿನವನು, ಆಟೋದವನು, ಹೂ ಮಾರುವವಳು, ಕಾಲೇಜು ಹುಡುಗರು, ಎಲ್ಲರೂ ತಾವು ಕಂಡದ್ದನ್ನು ಬರೆದು ಕಳಿಸುತ್ತಾರೆ. ಸೋಮವಾರ ಆದ ಅಪರಾಧಕ್ಕೆ ಶುಕ್ರವಾರ ಅಪರಾಧಿ ಸಿಗುತ್ತಾನೆ. ನಾಲ್ಕು ಊರುಗಳಲ್ಲಿ ಮೂವತ್ತು ಮೂವತ್ತು ಫಾರಂ ತುಂಬಿಸಿ ತರಬೇಕೆಂದು ಯೋಜನೆಯ ಮಾರ್ಗದರ್ಶಕಿ ಹೇಮಾವತಿ ಮೇಡಂ ಹೇಳಿದ್ದರು. ಹೊಸದುರ್ಗದಲ್ಲಿ ಹದಿನೆಂಟಾಗಿತ್ತು.

ಆ ಹದಿನೆಂಟರಲ್ಲಿ ಕ್ಷೌರದಂಗಡಿಯವರೊಬ್ಬರು, ಹೋದ ವಾರದ ಕಳ್ಳ ಯಾರೆಂದು ಬುಧವಾರವೇ ತನಗೆ ಗೊತ್ತಿತ್ತು, ಅದನ್ನೂ ಬರೆದುಕೋ ಎಂದು ಹಟ ಹಿಡಿದಿದ್ದರು. ಮಂಡಿಯ ಶಿವಕುಮಾರಪ್ಪ, ಇಂಥ ಇನ್ಸ್‌ಪೆಕ್ಟರು ನಮ್ಮೂರಿಗೊಬ್ಬಳು ಬಂದರೆ ಕಾಯಿ ಕದಿಯುವವರೇ ಇರುವುದಿಲ್ಲ ಎಂದಿದ್ದರು. ಹೆಚ್ಚಿನ ಹೆಂಗಸರಿಗೆ ಅವಳ ಜಡೆಯ ಬಗ್ಗೆ ಹೇಳುವುದಿತ್ತು. ಬೇಡ ಎಂದವರು ಯಾರೂ ಇರಲಿಲ್ಲ.

ಟ್ಯೂಬಿನಿಂದ ಸಣ್ಣ ಗುಳ್ಳೆಗಳು ಎದ್ದವು. ತಿಮ್ಮರಾಯಪ್ಪನವರು ಆ ಜಾಗಕ್ಕೆ ಬೆಂಕಿಕಡ್ಡಿ ಚುಚ್ಚಿಟ್ಟು, "ಈಗ ಹೇಳವ್ವ" ಎಂದರು.

ಒಳಗಿನಿಂದ ಅವರ ಹೆಂಡತಿ ಬೊಮ್ಮಕ್ಕನ ದನಿ ಬಂತು. "ಅವರನ್ನೇನ್ ಕೇಳ್ತೀಯ ತಾಯಿ? ಟೀವಿ ಮುಂದೆ ಕುಂತು ಆ ಪೊಲೀಸಮ್ಮಂಗೇ ಬೈತಾರೆ. ನಿನ್ ಕಾಗದ ಮುಗಿಯಾಕೆ ಸಂಜೆ ಆಗ್ತದೆ. ಗ್ಯಾಸ್ ಸಿಲಿಂಡರ್ ತಂದೋನ ಚೀಟಿನೂ ಎರಡು ಸಲ ಓದ್ಸಿ ಸಹಿ ಹಾಕೋ ಮನುಷ್ಯ."

"ನೀನು ನೋಡದೆ ಮದುವೆಗೆ ಒಪ್ಪಿದೋಳು. ನಿಂಗೇನ್ ಗೊತ್ತಾಗ್ತದೆ?"

"ಅದಕ್ಕೇ ಅನುಭವಿಸ್ತಾ ಇದೀನಲ್ಲ!"

ಹತ್ತು ಪ್ರಶ್ನೆಗಳು ಸರಾಗವಾಗಿ ಮುಗಿದವು. ಎಷ್ಟು ವರ್ಷದಿಂದ ಟೀವಿ ಇದೆ, ವಾರಕ್ಕೆ ಎಷ್ಟು ದಿನ ನೋಡುತ್ತೀರಿ ಎಂಬಂಥವು. ಹನ್ನೊಂದನೆಯದು, ಅಪರಾಧ ಪತ್ತೆಗೆ ಸಾರ್ವಜನಿಕರು ಹೀಗೆ ಕೈಜೋಡಿಸುವುದು ಸರಿಯೇ ಎಂದು. ಹೌದು, ಇಲ್ಲ, ಹೇಳಲಾಗದು, ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು. ತಿಮ್ಮರಾಯಪ್ಪನವರು ಅದನ್ನು ಎರಡು ಸಲ ಓದಿಸಿದರು.

"ಆ ಧಾರಾವಾಹಿಯಾಗೆ ಎಷ್ಟೊಂದು ಜನ ಬರೀತಾರೆ. ನಾನು ನೋಡ್ದೆ, ನಾನು ನೋಡ್ದೆ ಅಂತ. ಒಂದ್ ವರ್ಷದಿಂದ ನೋಡ್ತಾ ಇದೀನಿ. ಒಬ್ಬನಾದ್ರೂ 'ನಾನು ನೋಡಿಲ್ಲ' ಅಂತ ಬರ್ದಿದಾನೇನವ್ವ?"

"ನೋಡದೇ ಇರೋರು ಯಾಕೆ ಬರೀತಾರೆ ಯಜಮಾನ್ರೆ?"

"ಅವರೇ ಮೊದ್ಲು ಬರೀಬೇಕಾದೋರು. ನಾನು ಹೇಳಿದಂಗೇ ಬರ್ಕೋ."

ಅವಳು ಗುರುತು ಹಾಕುವ ಮೂರು ಚೌಕಗಳನ್ನು ಖಾಲಿ ಬಿಟ್ಟು, ಅಂಚಿನ ಜಾಗದಲ್ಲಿ ಬರೆದುಕೊಂಡಳು. ಕೊನೆಗೆ ಸಹಿ. ತಿಮ್ಮರಾಯಪ್ಪನವರು ಎದ್ದು, ಕೈಗೆ ಸೀಮೆಎಣ್ಣೆ ಹಚ್ಚಿ ಉಜ್ಜಿದರು. ಆಮೇಲೆ ಸೋಪು ಹಾಕಿ ಎರಡು ಸಲ ತೊಳೆದರು. ಹೆಗಲ ಮೇಲಿನ ಬಿಳಿ ಟವೆಲಿನಿಂದ ಬೆರಳು ಬೆರಳನ್ನೂ ಒರೆಸಿಕೊಂಡರು. ಫಾರಮ್ಮನ್ನು ಮೊದಲಿನಿಂದ ಓದಿಸಿ ಕೇಳಿ, ಆಮೇಲೆ ತಾವೇ ಒಮ್ಮೆ ಓದಿದರು. ಸಹಿ ಹಾಕಿದಾಗ ಕೊನೆಯ ಅಕ್ಷರದಿಂದ ಉದ್ದನೆಯ ಬಾಲವೊಂದು ಕೆಳಗಿಳಿದು, ಇಡೀ ಹೆಸರಿನ ಅಡಿಯಲ್ಲಿ ಹಿಂದಕ್ಕೆ ಬಂದು ನಿಂತಿತು. ಅದು ಹತ್ತೊಂಬತ್ತನೇ ಫಾರಂ.

"ಇಲ್ಲಿಂದ ಯಾವೂರಿಗೆ ಹೋಗ್ತೀಯವ್ವ?"

"ಮುಂದಿನ ವಾರ ಹಿರಿಯೂರು."

ಪೆನ್ನನ್ನು ಹಿಂದಿರುಗಿಸಲು ಚಾಚಿದ ಕೈ ಅಲ್ಲೇ ನಿಂತಿತು. "ಹಿರಿಯೂರಾ?" ಎಂದವರು ಒಳಗೆ ಕೂಗಿ, "ಬೊಮ್ಮಕ್ಕ, ಈ ಮಗೀಗೆ ಒಂದ್ ಲೋಟ ಟೀ ಮಾಡು" ಎಂದರು. ಟೀ ಬಂತು. ಟೀ ಆರುವವರೆಗೂ ಅವರು ಹೇಳಿದ್ದನ್ನು ಅನುಪಮಾ ಫಾರಮ್ಮಿನಲ್ಲಿ ಬರೆದುಕೊಳ್ಳಲಿಲ್ಲ.

ಇಪ್ಪತ್ತನಾಲ್ಕು ವರ್ಷದ ಕೆಳಗೆ ಅವರ ಶಾಪು ಇದ್ದದ್ದು ಬೇರೆ ಊರಿನಲ್ಲಿ, ಒಂದು ಪೊಲೀಸ್ ಠಾಣೆಯ ಎದುರಿಗೆ. "ಊರಿನ ಹೆಸರು ಬ್ಯಾಡ ಬಿಡು" ಎಂದರು. ಪೊಲೀಸರು ಏನನ್ನಾದರೂ ವಶಪಡಿಸಿಕೊಂಡರೆ, ಇಬ್ಬರು ಪಂಚರ ಎದುರಿನಲ್ಲಿ ಮಹಜರು ಬರೆಯಬೇಕು. ವಸ್ತು ಎಲ್ಲಿತ್ತು, ಹೇಗಿತ್ತು ಎಂಬುದನ್ನು ಆ ಇಬ್ಬರು ಕಣ್ಣಾರೆ ನೋಡಿ ಸಹಿ ಹಾಕಬೇಕು. ಏಳನೇ ಕ್ಲಾಸು ಪಾಸಾಗಿದ್ದ ತಿಮ್ಮರಾಯಪ್ಪನವರ ಸಹಿ ಚಂದ ಇತ್ತು. ಶಾಪು ಹತ್ತಿರವೇ ಇತ್ತು. "ಲೇ ತಿಮ್ಮ, ಬಾರೋ" ಎಂದು ರಸ್ತೆಯ ಆಚೆಯಿಂದ ಕೂಗಿದರೆ ಸಾಕು. ಮೊದಮೊದಲು ಹೋಗಿ ನೋಡಿ ಬರುತ್ತಿದ್ದರು. ಆಮೇಲೆ ಕಾಗದವೇ ಶಾಪಿಗೆ ಬರತೊಡಗಿತು. ಸಹಿ ಎಂದರೆ ಕಾಗದ ಮುಗಿಯಿತು ಎಂಬ ಗುರುತು ಎಂದೇ ಅವರು ತಿಳಿದಿದ್ದರು. ಊರಿನಲ್ಲಿ ಅದೊಂದು ಮರ್ಯಾದೆಯೂ ಆಗಿತ್ತು.

ಒಂದು ದಿನ ಬಂದ ಕಾಗದವೂ ಹಾಗೇ. ಯಾರದೋ ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಾಕ್ಸು ಕಳುವಾಗಿತ್ತು. ಅವರು ಚೈನು ಬಿಗಿಯುತ್ತಿದ್ದರು. ಗ್ರೀಸಿನ ಕೈಯಲ್ಲೇ ಸಹಿ ಎಳೆದರು. ಹೆಬ್ಬೆರಳಿನ ಕಪ್ಪು ಕಾಗದದ ಮೂಲೆಯಲ್ಲಿ ಉಳಿಯಿತು. ಬಾಕ್ಸು ಸಿಕ್ಕಿದ್ದು ಮಾರುತಿಯ ದನದ ಕೊಟ್ಟಿಗೆಯಲ್ಲಿ ಎಂದು ಆ ಕಾಗದದಲ್ಲಿ ಬರೆದಿತ್ತು. ಅದು ಅವರಿಗೆ ತಿಳಿದದ್ದು ಸಂಜೆ.

ಮಾರುತಿ ಎಂದರೆ ತೆಂಗಿನ ಮರ ಹತ್ತಿ ಕಾಯಿ ಕೆಡವುವವನು. ತಿಮ್ಮರಾಯಪ್ಪನವರ ಜತೆಗಾರ. ದಿನವೂ ಕೆಲಸ ಮುಗಿಸಿ ಬಂದು ಶಾಪಿನ ಹೊಸ್ತಿಲಲ್ಲಿ ಕೂತು, ಒಂದು ಎಳನೀರು ಕೆತ್ತಿ ಇಬ್ಬರೂ ಅರ್ಧರ್ಧ ಕುಡಿಯುವುದು ರೂಢಿ. ಹಾಗೆ ಕೆತ್ತುವಾಗಲೇ ಒಮ್ಮೆ ಮಚ್ಚು ಜಾರಿ ಅವನ ಎಡಗೈಯ ತೋರುಬೆರಳಿನ ತುದಿ ಹೋಗಿತ್ತು.

"ಆವತ್ತೇ ಹೋಗಿ ನಾನು ನೋಡಿಲ್ಲ ಅನ್ನಬೋದಿತ್ತಲ್ಲ?" ಎಂದಳು ಅನುಪಮಾ.

"ಅನ್ನಬೋದಿತ್ತು. ಸಹಿ ಹಾಕ್ದೋನು ಹಿಂದೆ ಸರಿದ್ರೆ ನನ್ನೇ ಒಳಗೆ ಹಾಕ್ತಾರೆ ಅಂದ್ಕಂಡೆ. ಒಂದ್ ವರ್ಷದ ಮೇಲೆ ಕೋರ್ಟಿನಾಗೆ ಕಾಗದ ತೋರ್ಸಿ ಕೇಳಿದ್ರು, ಈ ಸಹಿ ನಿಂದಾ ಅಂತ. ನಂದೇ. ಕಣ್ಣಾರೆ ನೋಡಿದ್ಯಾ ಅಂದ್ರು. ಕಪ್ಪು ಹೆಬ್ಬೆಟ್ಟಿನ ಗುರುತು ಅಲ್ಲೇ ಕಾಣ್ತಿತ್ತು ಕಣವ್ವ. ಹೂಂ ಅಂದ್ಬಿಟ್ಟೆ. ಅವನು ಅಲ್ಲೇ ನಿಂತಿದ್ದ."

ಮಾರುತಿಗೆ ಆರು ತಿಂಗಳು ಜೈಲಾಯಿತು. ಬಿಡುಗಡೆಯಾಗಿ ಬಂದ ವಾರದಲ್ಲೇ ಹೆಂಡತಿಯನ್ನೂ ಎಳೆ ಮಗಳನ್ನೂ ಕರೆದುಕೊಂಡು ಊರು ಬಿಟ್ಟ. ಹಿರಿಯೂರಿನಲ್ಲಿ ಕಂಡೆವು ಎಂದು ಒಬ್ಬಿಬ್ಬರು ಹೇಳಿದ್ದುಂಟು. ತಿಮ್ಮರಾಯಪ್ಪನವರೂ ಶಾಪು ಎತ್ತಿಕೊಂಡು ಹೊಸದುರ್ಗಕ್ಕೆ ಬಂದರು. ಎರಡು ಸಲ ಹಿರಿಯೂರಿನ ಬಸ್ಸು ಹತ್ತಿ, ಅಲ್ಲಿ ಇಳಿದು, ನಿಲ್ದಾಣದಲ್ಲೇ ಕೂತಿದ್ದು ವಾಪಸು ಬಂದಿದ್ದರು. ಪ್ರತಿ ವರ್ಷ ಹಾಲುರಾಮೇಶ್ವರಕ್ಕೆ ಹೋಗುತ್ತಾರೆ. ಅಲ್ಲಿನ ಗಂಗಮ್ಮನ ಕೊಳದ ಮುಂದೆ ಕೂತು ಬೇಡಿಕೊಂಡರೆ, ಆಗುವ ಕೆಲಸವಾದರೆ ನೀರಿನೊಳಗಿನಿಂದ ಹಣ್ಣೋ ಹೂವೋ ತೇಲಿ ಬರುತ್ತದೆ ಎಂಬುದು ಆ ಸೀಮೆಯವರ ನಂಬಿಕೆ.

"ಪಕ್ಕದಾಗೆ ಕುಂತೋರಿಗೆಲ್ಲ ಬರ್ತದೆ. ನಂಗೆ ಇನ್ನಾ ಏನೂ ಬಂದಿಲ್ಲ" ಎಂದು ನಕ್ಕರು. "ಕ್ಷಮಿಸು ಅಂತ ಕೇಳಾಕಲ್ಲ. 'ನಾನು ನೋಡಿರ್ಲಿಲ್ಲ ಕಣೋ' ಅಂತ ಒಂದ್ ಮಾತು ಅವನ ಎದುರಿಗೆ ಹೇಳ್ಬೇಕು. ಅಲ್ಲಿ ಯಾರನ್ನಾದ್ರೂ ಕೇಳ್ತೀಯಾ?"

ಕೇಳುತ್ತೇನೆ ಎಂದಳು ಅನುಪಮಾ. ಅಷ್ಟು ಸುಲಭ ಎಂದುಕೊಂಡಿದ್ದಳು.

ಹಿರಿಯೂರಿನಲ್ಲಿ ಪ್ರತಿ ಫಾರಂ ಮುಗಿದ ಮೇಲೂ, ಎಡಗೈ ಬೆರಳಿನ ತುದಿ ಇಲ್ಲದ ಮಾರುತಿ ಎಂಬವರು ಗೊತ್ತೇ ಎಂದು ವಿಚಾರಿಸಿದಳು. ಒಬ್ಬರು ಮಾರುತಿ ದೇವಸ್ಥಾನದ ದಾರಿ ತೋರಿಸಿದರು. ಇನ್ನೊಬ್ಬರು ಮಾರುತಿ ವ್ಯಾನಿನ ಗ್ಯಾರೇಜಿಗೆ ಕಳಿಸಿದರು. ಎರಡನೇ ದಿನ ಸಿಕ್ಕವಳು ಬ್ಲೌಸು ಹೊಲಿಯುವ ಭಾಗ್ಯ. ಊರಿನ 'ಹತ್ತು ಕಣ್ಣು' ಅಭಿಮಾನಿಗಳಿಗೆಲ್ಲ ಒಂದು ವಾಟ್ಸಾಪ್ ಗುಂಪು ಮಾಡಿ ಇನ್ನೂರು ಜನರನ್ನು ಸೇರಿಸಿದ್ದಳು. ಅನುಪಮಾಳ ಮಾತು ಕೇಳಿ ಹೊಲಿಗೆ ಯಂತ್ರವನ್ನೇ ನಿಲ್ಲಿಸಿಬಿಟ್ಟಳು.

"ಅಯ್ಯೋ, ನಿಜವಾದ ಕೇಸಾ! ಏನ್ ಮಾಡಿದ್ನಂತ್ರೀ?"

"ಏನೂ ಮಾಡಿಲ್ಲ ಅಕ್ಕ. ಹಳೇ ಸ್ನೇಹಿತರು ಹುಡುಕ್ತಾ ಇದಾರೆ, ಅಷ್ಟೆ."

"ಅಷ್ಟೆ ಅಂತೀರಿ. ಇಷ್ಟ್ ವರ್ಷ ಆದ್ಮೇಲೆ ಸುಮ್ನೆ ಯಾರಾದ್ರೂ ಹುಡುಕ್ತಾರಾ? ನೀವ್ ಬಿಡ್ರಿ, ಸಂಜೆಯೊಳಗೆ ಸಿಗ್ತಾನೆ. ನಂಬರ್ ಕೊಡ್ರಿ."

ಅನುಪಮಾ ನಂಬರು ಕೊಟ್ಟಳು. ಸಂಜೆಯೊಳಗೆ ಸಿಕ್ಕಿದರು. ನಾಲ್ಕೂವರೆಗೆ ಅನುಪಮಾ ಬಸ್ಸಿಗೆ ಕಾಯುತ್ತಿದ್ದಾಗ ಫೋನು ಬಂತು.

"ಯಾರ್ರೀ ನೀವು? ನಾನು ದುರ್ಗಾ ಅಂತ, ಮಾರುತಿಯವರ ಮಗಳು. ನಮ್ಮಪ್ಪ ಪರಾರಿ ಆಗಿದಾರಂತಾ? ಯಾರ್ ಮನೆ ದೋಚ್ಕೊಂಡು ಪರಾರಿ ಆದ್ರು, ಹೇಳ್ರಿ? ಗಿರಾಕಿಗಳು ಬಾಗಿಲಲ್ಲಿ ನಿಂತು ಅವರ ಬೆರಳು ನೋಡ್ತಾವ್ರೆ!"

ಅನುಪಮಾ ಬ್ಯಾಗು ಎತ್ತಿಕೊಂಡಳು. ಭಾಗ್ಯಳ ಅಂಗಡಿಗೆ ಓಡಿದಳು. ಗುಂಪಿನಲ್ಲಿ ಭಾಗ್ಯ ಮೊದಲು ಹಾಕಿದ್ದ ಸಂದೇಶ ಸರಿಯಾಗಿಯೇ ಇತ್ತು. ಅದು ಕೈಯಿಂದ ಕೈಗೆ ಹೋಗಿ, ಏಳನೆಯವರೋ ಎಂಟನೆಯವರೋ "ಹೊಸದುರ್ಗದಿಂದ ಪರಾರಿ" ಎಂದು ಸೇರಿಸಿದ್ದರು. ಅದರ ಕೆಳಗೆ ಆರು ಜನ, ಆತನನ್ನು ಅಲ್ಲಿ ನೋಡಿದೆ, ಇಲ್ಲಿ ನೋಡಿದೆ ಎಂದು ಬರೆದಿದ್ದರು. ಆರು ಜಾಗಗಳೂ ಬೇರೆ ಬೇರೆ.

"ಡಿಲೀಟ್ ಮಾಡಿಬಿಡ್ತೀನಿ, ಆಯ್ತಲ್ಲ?" ಎಂದಳು ಭಾಗ್ಯ. ಅವಳ ಮುಖವೂ ಇಳಿದಿತ್ತು.

"ಸಾಲದು ಅಕ್ಕ. ನಾವು ಯಾರೂ ಏನೂ ನೋಡಿರ್ಲಿಲ್ಲ ಅಂತ ಬರೀರಿ."

"ನನ್ನ ಹೆಸರು ಹಾಕಿ ಬರೀಲಾ? ಇನ್ನೂರು ಜನ ಇದಾರ್ರೀ."

"ನನ್ ಹೆಸರೂ ಹಾಕ್ರಿ."

ಭಾಗ್ಯ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. ಆಮೇಲೆ ಬರೆದಳು. "ಮಾರುತಿಯವರ ಬಗ್ಗೆ ನಾವು ಕಣ್ಣಾರೆ ಏನನ್ನೂ ನೋಡಿಲ್ಲ. ನೋಡದೆ ಬರೆದದ್ದು ತಪ್ಪು. ಭಾಗ್ಯ, ಅನುಪಮಾ." ಒಂದು ಗಂಟೆಯಲ್ಲಿ ಇನ್ನೂ ನಾಲ್ಕು ಜನ ಅದರ ಕೆಳಗೆ ತಮ್ಮ ಹೆಸರು ಹಾಕಿದರು. ಎಂಟು ಜನ ಗುಂಪು ಬಿಟ್ಟು ಹೋದರು.

ಮರುದಿನ ಅನುಪಮಾ ತಪ್ಪೊಪ್ಪಿಕೊಳ್ಳಲು ಮಾರುತಿಯವರ ಬಳಿ ಹೋದಳು. ಅದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪುಗಳಿಗೆ ಹೊಸ ತಾಮ್ರದ ತಂತಿ ಸುತ್ತುವುದು, ಸ್ಟಾರ್ಟರ್ ಬಾಕ್ಸು ರಿಪೇರಿ ಮಾಡುವುದು ಅಲ್ಲಿನ ಕೆಲಸ. ಗೋಡೆಯುದ್ದಕ್ಕೂ ಸ್ಟಾರ್ಟರ್ ಬಾಕ್ಸುಗಳು, ಪ್ರತಿಯೊಂದರ ಮೇಲೂ ಒಡೆಯರ ಹೆಸರಿನ ಚೀಟಿ. ದುರ್ಗಾ ಸಿಡಿಮಿಡಿಗೊಳ್ಳುತ್ತ ಸ್ಟೂಲು ಎಳೆದು ಹಾಕಿದಳು. ಮಾರುತಿಯವರು ತಲೆ ಎತ್ತಲಿಲ್ಲ. ತುದಿಯಿಲ್ಲದ ಬೆರಳಿನ ಮೇಲೆ ತಂತಿ ಸರಿಯಾಗಿ ಕೂತು ಓಡುತ್ತಿತ್ತು.

"ತಿಮ್ಮ ಕಳ್ಸಿದ್ನಾ?" ಎಂದರು.

ಅನುಪಮಾ ಹೂಂ ಎಂದಳು. ಬ್ಯಾಗಿನಿಂದ ಹತ್ತೊಂಬತ್ತನೇ ಫಾರಂ ತೆಗೆದು ಮುಂದಿಟ್ಟಳು. ಒಬ್ಬರ ಫಾರಮ್ಮನ್ನು ಇನ್ನೊಬ್ಬರಿಗೆ ತೋರಿಸಬಾರದೆಂದು ಮೇಡಂ ಕಟ್ಟಪ್ಪಣೆ ಮಾಡಿದ್ದರು. ಆದರೂ ಇಟ್ಟಳು. ಮಾರುತಿಯವರು ತಂತಿಗೆ ಗಂಟು ಹಾಕಿ ನಿಲ್ಲಿಸಿ, ಅಂಚಿನಲ್ಲಿ ಬರೆದಿದ್ದ ಮಾತನ್ನು ಓದಿದರು. ಇನ್ನೊಮ್ಮೆ ಓದಿದರು. ಸಹಿಯ ಬಾಲದ ಮೇಲೆ ಬೆರಳು ಆಡಿಸಿದರು.

"ಇನ್ನಾ ಬಾಲ ಎಳೀತಾನೆ. ಕೈ ತೊಳ್ಕಂಡು ಹಾಕಿದಾನೆ."

"ಎರಡು ಸಲ ತೊಳ್ಕಂಡ್ರು."

ಅವರ ತುಟಿಯ ಅಂಚು ಅಲುಗಿತು. "ನಿನ್ನೆ ರಾತ್ರಿ ಮಗಳು ಮೊಬೈಲಲ್ಲಿ ನೀವು ಬರ್ದಿದ್ದು ತೋರಿಸಿದ್ಲು. ಚೆನ್ನಾಗಿತ್ತು. ನಾನೂ ಆ ಧಾರಾವಾಹಿ ನೋಡ್ತೀನಿ ಕಣಮ್ಮ. ಸುಳ್ಳು ಅದು. ಜನ ಎಲ್ಲ ಒಟ್ಟುಗೂಡಿ ಹುಡುಕಿದ್ರೆ ಒಬ್ಬ ಸಿಗ್ತಾನೆ. ಸಿಕ್ಕೋನೇ ಕಳ್ಳ ಅಂತ ಏನೈತೆ?"

"ಅವರು ಬಂದ್ರೆ ಮಾತಾಡಿಸ್ತೀರಾ?"

"ಬರೋದು ಬ್ಯಾಡ."

"ಇನ್ನೂ ಸಿಟ್ಟು ಐತಾ?"

"ಸಿಟ್ಟೆಲ್ಲಿ ಉಳೀತದೆ? ಅವನ ಮುಖ ನೋಡಿದ್ರೆ 'ಹೋಗ್ಲಿ ಬಿಡೋ' ಅಂದ್ಬಿಡ್ತೀನಿ, ನಂಗೆ ಗೊತ್ತು. ನಾನು ಒಳಗಿದ್ದಾಗ ಮೂರನೇ ತಿಂಗಳಿಗೆ ಅವ್ವ ತೀರ್ಕಂಡ್ಲು. ಮಣ್ಣಿಗೆ ಹೋಗಾಕೆ ಆಗ್ಲಿಲ್ಲ. ಹೋಗ್ಲಿ ಬಿಡು ಅನ್ನಾಕೆ ಅದು ನನ್ನೊಬ್ಬನದಲ್ಲವಲ್ಲ." ಫಾರಮ್ಮನ್ನು ಇದ್ದ ಮಡಿಕೆಯಲ್ಲೇ ಮಡಿಸಿ ಹಿಂದೆ ಕೊಟ್ಟರು. "ಸಿಗಲಿಲ್ಲ ಅಂತ ಹೇಳ್ಬಿಡು. ನಾನು ನೋಡ್ಲೇ ಇಲ್ಲ ಅನ್ನು."

ಹೊಸದುರ್ಗದ ಬಸ್ಸಿನುದ್ದಕ್ಕೂ ಅನುಪಮಾ ಆ ಎರಡು ವಾಕ್ಯಗಳನ್ನು ಹೇಳಿಕೊಂಡು ನೋಡಿದಳು. ಸಿಗಲಿಲ್ಲ. ನೋಡಲಿಲ್ಲ. ಹೇಳಿದರೆ ಒಬ್ಬರ ಮಾತು ಉಳಿಯುತ್ತದೆ, ಇನ್ನೊಬ್ಬರು ಮತ್ತೆ ಕೊಳದ ಮುಂದೆ ಕೂರುತ್ತಾರೆ. ಹಾದಿಯ ಎರಡೂ ಕಡೆ ತೆಂಗಿನ ತೋಟಗಳು ಹಿಂದಕ್ಕೆ ಓಡುತ್ತಿದ್ದವು. ಯಾವುದೋ ಮರದ ತುದಿಯಲ್ಲಿ ಯಾರೋ ಕಾಯಿ ಕೆಡವುತ್ತಿದ್ದರು.

ತಿಮ್ಮರಾಯಪ್ಪನವರು ಓಣಿಯ ತುದಿಯಲ್ಲೇ ನಿಂತಿದ್ದರು. ಅವಳು ಬರುತ್ತೇನೆಂದ ದಿನ ಹಾಸನದಿಂದ, ಬೆಂಗಳೂರಿನಿಂದ ಬಂದ ಬಸ್ಸುಗಳನ್ನೆಲ್ಲ ನೋಡುತ್ತ ಬೆಳಗಿನಿಂದ ಅಲ್ಲೇ ಇದ್ದಾರೆಂದು ಬೊಮ್ಮಕ್ಕ ಹೇಳಿದಳು. "ಹಿರಿಯೂರಿನ ಬಸ್ಸು ಯಾವುದು ಅಂತ ತಿಳ್ಕೊಳೋ ಬುದ್ಧಿನೂ ಹೋಗೈತೆ ಇವರಿಗೆ."

ಅಂಗಡಿಯಲ್ಲಿ ಕೂತರು. ಅನುಪಮಾ ನೀರು ಕುಡಿದಳು. ಲೋಟ ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು.

"ಯಜಮಾನ್ರೆ..."

ಅವರು ಅವಳ ಮುಖವನ್ನೇ ನೋಡುತ್ತಿದ್ದರು. ಕೋರ್ಟಿನಲ್ಲಿ ಒಂದು ಮುಖವನ್ನು ನೋಡಿ ಬಂದ ಮನುಷ್ಯನಿಗೆ ಇನ್ನೊಂದು ಮುಖ ಓದುವುದು ಕಷ್ಟವಾಗಲಿಲ್ಲ.

"ತಡಿ ಅವ್ವ" ಎಂದರು. "ನೀನು ಸುಳ್ಳು ಹೇಳ್ಬ್ಯಾಡ. ನೋಡಿಲ್ಲ ಅನ್ನೋದಾದ್ರೆ, ನಿಜವಾಗ್ಲೂ ನೋಡದೇ ಇದ್ರೆ ಮಾತ್ರ ಹೇಳು. ಇಲ್ಲಾಂದ್ರೆ ಸುಮ್ನಿರು."

ಅನುಪಮಾ ಸುಮ್ಮನಿದ್ದಳು.

ಓಣಿಯಲ್ಲಿ ಕೊಬ್ಬರಿ ಚೀಲ ಹೇರಿದ ಗಾಡಿಯೊಂದು ಹೋಯಿತು. ತಿಮ್ಮರಾಯಪ್ಪನವರು ಬಿಳಿ ಟವೆಲಿನಿಂದ ಮುಖ ಒರೆಸಿಕೊಂಡರು. ಆಗ ಅದರ ಮೇಲೆ ಗ್ರೀಸಿನ ಗುರುತು ಬಿತ್ತು. ಅವರು ಗಮನಿಸಲಿಲ್ಲ.

"ಕಾಗದ ಓದಿದ್ನಾ?"

ಇದಕ್ಕೆ ಉತ್ತರಿಸಬಾರದೆಂದು ಯಾರೂ ಹೇಳಿರಲಿಲ್ಲ. "ಎರಡು ಸಲ ಓದಿದ್ರು" ಎಂದಳು.

ಬೊಮ್ಮಕ್ಕ ಒಳಗೆ ಹೋಗಿ ಬೇಡದಿದ್ದರೂ ಟೀಗೆ ಇಟ್ಟಳು. ತಿಮ್ಮರಾಯಪ್ಪನವರು ಹೊಸ್ತಿಲಿನ ಖಾಲಿ ಜಾಗವನ್ನು ಕೈಯಿಂದ ಒಮ್ಮೆ ಒರೆಸಿದರು. ಅಲ್ಲಿ ಧೂಳೇನೂ ಇರಲಿಲ್ಲ. "ಎರಡು ಸಲ" ಎಂದು ತಮಗೆ ತಾವೇ ಹೇಳಿಕೊಂಡರು.

ಹತ್ತೊಂಬತ್ತನೇ ಫಾರಮ್ಮನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೀಯ ಎಂದು ಹೇಮಾವತಿ ಮೇಡಂ ಕೇಳಿದರು. ಅನುಪಮಾ ವರದಿಯಲ್ಲಿ ನೂರ ಹತ್ತೊಂಬತ್ತು ಅಭಿಪ್ರಾಯಗಳ ಕೋಷ್ಟಕದ ಕೆಳಗೆ ಆ ಒಂದು ಮಾತನ್ನು ಹೆಸರಿಲ್ಲದೆ, ಹೇಳಿದಂತೆಯೇ ಬರೆದಳು. ಧಾರಾವಾಹಿ ಮುಂದಿನ ಯುಗಾದಿಗೆ ಮುಗಿಯಿತು. ಅನುಪಮಾ ಈಗಲೂ ಹೊಸದುರ್ಗದ ಕಡೆ ಹೋದರೆ ಅವರನ್ನು ಮಾತಾಡಿಸಿ ಬರುತ್ತಾಳೆ. ಹಿರಿಯೂರಿನ ಸುದ್ದಿಯನ್ನು ಅವರು ಕೇಳುವುದಿಲ್ಲ. ಅವಳು ಹೊರಡುವಾಗ, "ಆ ಕಡೆ ಮಳೆ ಬೆಳೆ ಹೆಂಗವ್ವ?" ಎನ್ನುತ್ತಾರೆ. "ಚೆನ್ನಾಗೈತೆ" ಎನ್ನುತ್ತಾಳೆ.

ತಿಮ್ಮರಾಯಪ್ಪನವರು ಸೈಕಲ್ ಶಾಪು ಮುಚ್ಚಿದ್ದಾರೆ. ಈಗ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಹೊಸದುರ್ಗದ ತಾಲ್ಲೂಕು ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಕೂರುತ್ತಾರೆ. ಓದು ಬಾರದವರು ಸಹಿ ಹಾಕುವ ಇಲ್ಲವೇ ಹೆಬ್ಬೆಟ್ಟು ಒತ್ತುವ ಮೊದಲು ಅವರ ಕಾಗದವನ್ನು ಎರಡು ಸಲ ಓದಿ ಹೇಳುತ್ತಾರೆ.